ಮನೆಗೆ ನೀರು ನುಗ್ಗಿದರೆ: ಯಾವುದು ಮೊದಲು, ಯಾವುದು ಆಮೇಲೆ

ನೀರು ಬರುತ್ತದೆ ಎಂದು ಗೊತ್ತಾದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಮೊದಲು ಎತ್ತುವುದು ಟಿವಿ. ಆಮೇಲೆ ಫ್ರಿಜ್ಜಿಗೆ ಇಬ್ಬರು ಕೈ ಹಾಕುತ್ತಾರೆ. ಅಷ್ಟರಲ್ಲಿ ನೀರು ಹೊಸ್ತಿಲು ದಾಟಿರುತ್ತದೆ. ಕ್ರಯಪತ್ರ ಟ್ರಂಕಿನ ತಳದಲ್ಲೇ ಉಳಿಯುತ್ತದೆ, ಎಮ್ಮೆ ಗೂಟದಲ್ಲೇ ಇರುತ್ತದೆ, ಮೇನ್ ಸ್ವಿಚ್ ಆರಿಸುವುದು ಯಾರಿಗೂ ನೆನಪಾಗುವುದಿಲ್ಲ. ನೀರು ಇಳಿದ ಮೇಲೂ ಇದೇ ಕಥೆ. ಫೋಟೊ ತೆಗೆಯುವ ಮೊದಲೇ ಮನೆ ತೊಳೆಯುತ್ತಾರೆ, ಗೋಡೆ ಆರುವ ಮೊದಲೇ ಬಣ್ಣ ಬಳಿಯುತ್ತಾರೆ, 'ಒಂದ್ಸಲ ನೋಡೋಣ' ಅಂತ ಮೋಟಾರಿನ ಸ್ವಿಚ್ ಒತ್ತುತ್ತಾರೆ. ಕೆಲಸ ಯಾವುದೂ ಕಷ್ಟದ್ದಲ್ಲ, ಅನುಕ್ರಮ ತಪ್ಪುವುದರಿಂದಲೇ ನಷ್ಟವಾಗುತ್ತದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹೊಳೆದಂಡೆ ಊರುಗಳನ್ನೂ ಮಣ್ಣಿನ ಮಾಳಿಗೆಯ ಮನೆಗಳನ್ನೂ ಮುಂದಿಟ್ಟುಕೊಂಡು ಆ ಅನುಕ್ರಮವನ್ನು ಇಲ್ಲಿ ಹೇಳಿದೆ.

1. ಮಳೆಗಾಲಕ್ಕೆ ಮುಂಚೆ: ನಿಮ್ಮ ಮನೆಯ ಗುರುತು ಯಾವುದು?

ಸುದ್ದಿಯಲ್ಲಿ ಬರುವುದು ಕ್ಯುಸೆಕ್ ಲೆಕ್ಕ, ನಿಮಗೆ ಬೇಕಾದದ್ದು ಹೊಸ್ತಿಲಿನ ಲೆಕ್ಕ. ಎರಡನ್ನೂ ಜೋಡಿಸಿಕೊಳ್ಳಬೇಕಾದವರು ನೀವೇ. ಹಿಂದಿನ ಪ್ರವಾಹದಲ್ಲಿ ಜಲಾಶಯದಿಂದ ಎಷ್ಟು ಬಿಟ್ಟಾಗ ನೀರು ಎಲ್ಲಿಗೆ ಬಂದಿತ್ತು, ಅಂದರೆ ಊರ ಅಗಸೆ ಬಾಗಿಲಿಗೋ, ಗುಡಿಯ ಎಷ್ಟನೇ ಮೆಟ್ಟಿಲಿಗೋ, ಯಾವ ವಿದ್ಯುತ್ ಕಂಬಕ್ಕೋ ಎಂದು ಊರಿನ ಹಿರಿಯರನ್ನು ಕೇಳಿ ಗೋಡೆಯ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಬರೆದಿಡಿ. ಒಂದು ಲಕ್ಷ ಕ್ಯುಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲಕ್ಷ ಲೀಟರ್. ಈ ಅಂಕಿ ಕೇಳಿದರೆ ಏನೂ ಹೊಳೆಯುವುದಿಲ್ಲ. 'ಕಂಪ್ಲಿ ಸೇತುವೆ ಮೇಲೆ ನೀರು ಬಂತು' ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಇಲ್ಲಿ ಪದೇ ಪದೇ ಆಗುವ ತಪ್ಪು ಒಳಹರಿವಿನ ಅಂಕಿ ನೋಡುವುದು. ಅಣೆಕಟ್ಟೆಯ ಕೆಳಗಿನವರಿಗೆ ಮುಖ್ಯವಾದದ್ದು ಹೊರಹರಿವು. ಇನ್ನೊಂದು ತಪ್ಪು ಒಂದೇ ಹೊಳೆಯನ್ನು ಕಾಯುವುದು. ರಾಯಚೂರು ತಾಲ್ಲೂಕಿನ ಕೃಷ್ಣಾ ದಂಡೆಯವರು ನಾರಾಯಣಪುರ ಜಲಾಶಯದ ಹೊರಹರಿವಿನ ಜೊತೆ ಭೀಮಾ ನದಿಯನ್ನೂ ನೋಡಬೇಕು, ಯಾಕೆಂದರೆ ಅದು ಕೃಷ್ಣೆಯನ್ನು ಸೇರುವುದು ಮೇಲುಗಡೆಯೇ. ಸಿರುಗುಪ್ಪದ ಕಡೆಯವರಿಗೆ ತುಂಗಭದ್ರೆಯ ಜೊತೆ ವೇದಾವತಿಯ ಚಿಂತೆಯೂ ಇರಬೇಕು. ಹಳ್ಳದ ಪಕ್ಕದ ಮನೆಗೆ ಜಲಾಶಯದ ಸುದ್ದಿಯಿಂದ ಪ್ರಯೋಜನವೇ ಇಲ್ಲ. ಮೇಲಿನ ಹೊಲಗಳಲ್ಲಿ ಜೋರು ಮಳೆಯಾದರೆ ಗಂಟೆಯೊಳಗೆ ನೀರು ಬಾಗಿಲಿಗೆ ಬರುತ್ತದೆ.

'ಮುನ್ಸೂಚನೆ ಕೊಟ್ಟೇ ಬಿಡ್ತಾರೆ' ಎಂಬ ಭರವಸೆಗೂ ಮಿತಿಯಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಉಳಿದ ಗೇಟುಗಳನ್ನೂ ತೆರೆದು ನೀರು ಹೊರಬಿಡಬೇಕಾಯಿತು. ಇನ್ನು ಆಷಾಢ–ಶ್ರಾವಣ ದಾಟಿತು, ಇನ್ನೇನಿಲ್ಲ ಎನ್ನುವುದೂ ತಪ್ಪು ಲೆಕ್ಕ. 2009ರಲ್ಲಿ ಈ ಭಾಗ ಮುಳುಗಿದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಹಸ್ತ ಮಳೆಗೆ. ಜಲಾಶಯ ತುಂಬಿರುವಾಗ ಸುರಿಯುವ ಹಿಂಗಾರಿಗೆ ಮೇಲೆಲ್ಲೂ ತಂಗಲು ಜಾಗ ಇರುವುದಿಲ್ಲ.

2. ಕೈಯಲ್ಲಿ ಇರಬೇಕಾದ ಸಾಮಾನು

ಮೇ ತಿಂಗಳಲ್ಲೇ ಕೊಂಡು ಒಂದೇ ಕಡೆ ಇಡಿ:

- ಮುಚ್ಚಳವಿರುವ 10 ಅಥವಾ 20 ಲೀಟರಿನ ಪೇಂಟ್ ಬಕೆಟ್ 2 (ಕಾಗದಪತ್ರ, ಔಷಧಿಗೆ)
- ದಪ್ಪ ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್, ಮಾರ್ಕರ್ ಪೆನ್
- ತಾಡಪತ್ರಿ 1, ನೈಲಾನ್ ಹಗ್ಗ 20 ಮೀಟರ್
- ಖಾಲಿ ಗೊಬ್ಬರದ ಅಥವಾ ಸಿಮೆಂಟ್ ಚೀಲ 40
- ಗಮ್‌ಬೂಟು, ರಬ್ಬರ್ ಕೈಗವಸು, ಉದ್ದ ಕೋಲು, ಟಾರ್ಚ್, ಸೀಟಿ
- ಬ್ಲೀಚಿಂಗ್ ಪೌಡರ್ 2 ಕೆಜಿ, ಕ್ಲೋರಿನ್ ಮಾತ್ರೆ, ಓಆರ್‌ಎಸ್ ಪೊಟ್ಟಣ

ಬ್ಲೀಚಿಂಗ್ ಪೌಡರಿನ ವಿಷಯದಲ್ಲಿ ಒಂದು ಎಚ್ಚರಿಕೆ. ಹೊಸ ಪೌಡರಿನಲ್ಲಿ ಕ್ಲೋರಿನ್ ಸುಮಾರು 30ರಿಂದ 33 ಶೇಕಡಾ ಇರುತ್ತದೆ. ಬಾಯಿ ತೆರೆದಿಟ್ಟರೆ ಅದು ಹಾರಿಹೋಗುತ್ತದೆ. ಕಳೆದ ವರ್ಷದ, ಗಂಟುಕಟ್ಟಿದ, ಘಾಟೇ ಇಲ್ಲದ ಪೌಡರ್ ಸುಣ್ಣಕ್ಕೆ ಸಮ.

3. ಎಚ್ಚರಿಕೆ ಬಂದ ಮೇಲೆ: ಎತ್ತುವ ಅನುಕ್ರಮ

*ಜನ, ದನ.* ವಯಸ್ಸಾದವರು, ಬಾಣಂತಿ, ಮಕ್ಕಳು ಹಗಲಿದ್ದಾಗಲೇ ಹೊರಡಲಿ. ದಿನದ ಮಾತ್ರೆ, ಇನ್ಸುಲಿನ್ ಅವರ ಕೈಯಲ್ಲೇ ಇರಲಿ. ದನಗಳನ್ನು ಎತ್ತರಕ್ಕೆ ಹೊಡೆಯಿರಿ. ಹೊಡೆಯಲು ಸಮಯ ಇಲ್ಲದಿದ್ದರೆ ಕಣ್ಣಿ ಬಿಚ್ಚಿಬಿಡಿ. ಬಿಟ್ಟ ದನ ಈಜಿಯಾದರೂ ದಂಡೆ ಸೇರೀತು, ಕಟ್ಟಿದ ದನಕ್ಕೆ ಆ ದಾರಿಯೂ ಇರುವುದಿಲ್ಲ.

*ಕಾಗದ, ಬಂಗಾರ.* ಮತ್ತೆ ಸಿಗುವ ಕಾಗದ, ಸಿಗದ ಕಾಗದ ಎಂದು ಬೇರೆ ಮಾಡಿಕೊಂಡರೆ ಗಾಬರಿ ಅರ್ಧ ಕಡಿಮೆಯಾಗುತ್ತದೆ. ಪಹಣಿ, ಮ್ಯುಟೇಶನ್ ಪ್ರತಿ, ಆಧಾರ್, ರೇಷನ್ ಕಾರ್ಡ್ ಮತ್ತೆ ಸಿಗುತ್ತವೆ. ಮೂಲ ಕ್ರಯಪತ್ರ, ವಿಭಾಗಪತ್ರ, ಬಂಗಾರ ಅಡವಿಟ್ಟ ಚೀಟಿ, ಕೈಬರಹದ ಲೇವಾದೇವಿ ಪುಸ್ತಕ, ಹಳೆಯ ಅಂಕಪಟ್ಟಿ, ಕುಟುಂಬದ ಫೋಟೊ ಒಂದೋ ಸಿಗುವುದೇ ಇಲ್ಲ, ಇಲ್ಲವೇ ವರ್ಷಗಟ್ಟಲೆ ಅಲೆಸುತ್ತವೆ. ಇವು ಮೊದಲು. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹಿಂಡಿ, ಬಾಯಿ ತಿರುಚಿ ಮಡಚಿ ರಬ್ಬರ್ ಹಾಕಿ, ಪೇಂಟ್ ಬಕೆಟ್ಟಿನಲ್ಲಿಟ್ಟು ಮುಚ್ಚಳ ಒತ್ತಿ. ಮುಚ್ಚಳ ಬಿಗಿಯಾಗಿರುವ ಬಕೆಟ್ ತೇಲುತ್ತದೆ, ಹಿಡಿಯೂ ಇದೆ. ಟ್ರಂಕಿಗೆ ಈ ಎರಡು ಗುಣವೂ ಇಲ್ಲ. ಹೊರಗೆ ಹೆಸರು, ಫೋನ್ ನಂಬರ್ ಬರೆಯಿರಿ. ಪ್ರತಿ ಪುಟದ ಫೋಟೊ ತೆಗೆದು ಊರ ಹೊರಗಿನ ನೆಂಟರ ಫೋನಿಗೂ ಕಳಿಸಿಡಿ.

*ಕಾಳು, ವಿಷ.* 75 ಕೆಜಿಯ 20 ಚೀಲ ಭತ್ತ ಅಂದರೆ ಒಂದೂವರೆ ಟನ್. ಕೊನೆಯ ಗಂಟೆಯಲ್ಲಿ ಇದನ್ನು ಸಾಗಿಸಲಾಗದು. ಟ್ರ್ಯಾಕ್ಟರ್ ಹಿಂದಿನ ದಿನವೇ ಬರಬೇಕು. ಬಾರದಿದ್ದರೆ ಬಿತ್ತನೆ ಬೀಜ ಮತ್ತು ಎರಡು ತಿಂಗಳ ಊಟದ ಜೋಳ, ಅಕ್ಕಿ ಇಷ್ಟನ್ನೇ ಎತ್ತಿ. ಉಳಿದ ಚೀಲಗಳನ್ನು ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ಒಟ್ಟಿ. ನೆನೆದ ಕಾಳು ಉಬ್ಬುತ್ತದೆ. ಗೋಡೆಗೆ ತಾಗಿಸಿ ಒಟ್ಟಿದ ಚೀಲಗಳು ನೆನೆದ ಗೋಡೆಯನ್ನೇ ನೂಕುತ್ತವೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಗಳಲ್ಲಿ ಕೀಟನಾಶಕದ ಡಬ್ಬಿ ಮೂಲೆಯಲ್ಲಿ ಇದ್ದೇ ಇರುತ್ತದೆ. ಅದನ್ನು ಕಾಳಿನಿಂದ ದೂರ, ಎಲ್ಲಕ್ಕಿಂತ ಎತ್ತರದ ಗೂಡಿನಲ್ಲಿ ಇಡಿ. ಒಂದು ಡಬ್ಬಿ ಉರುಳಿ ಒಡೆದರೆ ಆ ಕೋಣೆಯ ಕಾಳೆಲ್ಲ ತಿಪ್ಪೆಗೆ.

*ಅಡುಗೆ ಅನಿಲ.* ತುಂಬಿದ ಸಿಲಿಂಡರ್ ಭಾರ, ಮುಳುಗಿ ಅಲ್ಲೇ ಇರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. 14.2 ಕೆಜಿ ಅನಿಲ ತುಂಬಿದ ಸಿಲಿಂಡರಿನ ಒಟ್ಟು ತೂಕ 30 ಕೆಜಿ ಆಸುಪಾಸು, ಅದು ಹಿಡಿಯುವ ಜಾಗ 33 ಲೀಟರಿಗೂ ಹೆಚ್ಚು. ಹಾಗಾಗಿ ತುಂಬಿದ್ದೂ ತೇಲುತ್ತದೆ. ತೇಲುತ್ತ ಪೈಪನ್ನು ಎಳೆದು ಕಿತ್ತುಕೊಳ್ಳುತ್ತದೆ. ರೆಗ್ಯುಲೇಟರ್ ಆರಿಸಿ, ಬಿಚ್ಚಿ, ಬಿಳಿ ಮುಚ್ಚಳ ಹಾಕಿ, ನೆಟ್ಟಗೆ ನಿಲ್ಲಿಸಿ ಕಿಟಕಿಯ ಸರಳಿಗೆ ಹಗ್ಗದಿಂದ ಕಟ್ಟಿ.

*ಕೊನೆಗೆ ಯಂತ್ರಗಳು.* ಮಿಕ್ಸಿ, ಟಿವಿ, ಹೊಲಿಗೆ ಯಂತ್ರದ ಮೋಟಾರ್ ಅಟ್ಟಕ್ಕೆ ಹೋಗಲಿ. ಫ್ರಿಜ್ಜನ್ನು ಇಟ್ಟಿಗೆಯ ಮೇಲೆ ಓಲಾಡುವಂತೆ ನಿಲ್ಲಿಸುವುದು ಬೇಡ. ಕಟ್ಟೆ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಖಾಲಿ ಮಾಡಿ ಬಾಗಿಲು ತೆರೆದು ಹಗ್ಗದಿಂದ ಕಟ್ಟಿ ಅಲ್ಲೇ ಬಿಡಿ. ಮುಚ್ಚಿದ ಫ್ರಿಜ್ ದೋಣಿಯಂತೆ ತೇಲಿ, ಉರುಳಿ, ಒಳಗಿನಿಂದ ಬಾಗಿಲಿಗೆ ಅಡ್ಡ ಬೀಳುತ್ತದೆ. ಆಮೇಲೆ ಆ ಬಾಗಿಲು ತೆಗೆಯುವುದು ಹರಸಾಹಸ. ಬೀರುವಿನಲ್ಲಿ ಪಾತ್ರೆ ಕೆಳಗೆ, ಬಟ್ಟೆ ಮೇಲೆ. ಸಿಂಟೆಕ್ಸ್ ಟ್ಯಾಂಕನ್ನು ತುಂಬಿಸಿ ಮುಚ್ಚಳ ಬಿಗಿಯಿರಿ. ಖಾಲಿ ಟ್ಯಾಂಕ್ ಗಾಳಿಗೆ ಉರುಳುತ್ತದೆ, ಪ್ರವಾಹಕ್ಕೆ ತೇಲುತ್ತದೆ. ತುಂಬಿದ್ದರೆ ವಾಪಸ್ ಬಂದಾಗ ಶುದ್ಧ ನೀರು ಸಿಗುತ್ತದೆ. ಶೌಚದ ಗುಂಡಿಯಿಂದ ನೀರು ಹಿಮ್ಮುಖ ಬಾರದಂತೆ ಪ್ಲಾಸ್ಟಿಕ್ ಸುತ್ತಿದ ಮರಳಿನ ಗಂಟನ್ನು ಬೇಸಿನ್ನಿಗೆ ಒತ್ತಿ ಇಡಿ.

4. ಕರೆಂಟ್: ಅಂಗಳಕ್ಕೆ ನೀರು ಬಂತೆಂದರೆ ಆರಿಸುವುದೇ

ಸಾಮಾನು ಎತ್ತುವಾಗ ಬೆಳಕು ಬೇಕು, ನಿಜ. ಆದರೆ ಒಂದು ಗಡಿ ಇಟ್ಟುಕೊಳ್ಳಿ: ನೀರು ಅಂಗಳ ಮುಟ್ಟಿದ ಕೂಡಲೇ ಮೇನ್ ಸ್ವಿಚ್ ಕೆಳಗೆ. ಮುಂದಿನದೆಲ್ಲ ಟಾರ್ಚಿನಲ್ಲಿ.

ಮೇನ್ ಆರಿಸಿದ ಮೇಲೂ ಮನೆಯಲ್ಲಿ ಕರೆಂಟ್ ಇರಬಹುದು, ಇನ್ವರ್ಟರ್ ಇದ್ದರೆ. ಊರಿಗೇ ವಿದ್ಯುತ್ ಇಲ್ಲದಿದ್ದರೂ ಅದು 230 ವೋಲ್ಟ್ ಕೊಡುತ್ತಲೇ ಇರುತ್ತದೆ. ಸ್ವಿಚ್ ಆರಿಸಿ, ಬ್ಯಾಟರಿಯ ತಂತಿಯನ್ನೂ ಕಳಚಿ (ಮೊದಲು ಕಪ್ಪು, ಆಮೇಲೆ ಕೆಂಪು). 150 ಎಎಚ್ ಬ್ಯಾಟರಿ 50 ಕೆಜಿಗೂ ಮೇಲೆ ತೂಗುತ್ತದೆ, ಒಬ್ಬರೇ ಎತ್ತಲು ಹೋಗಬೇಡಿ. ಮನೆಯ ಮೇಲೆ ಸೌರಫಲಕ ಇದ್ದರೆ ಅದರ ಐಸೊಲೇಟರನ್ನೂ ಆರಿಸಬೇಕು.

ಬೋರ್ಡ್ ತಲುಪಲು ನೀರಿನಲ್ಲಿ ನಿಲ್ಲಬೇಕಾದ ಸ್ಥಿತಿ ಬಂದಿದ್ದರೆ ಮುಟ್ಟಲೇಬೇಡಿ. 1912ಕ್ಕೆ ಕರೆ ಮಾಡಿ ಪರಿವರ್ತಕದಿಂದಲೇ ತಪ್ಪಿಸಲು ಹೇಳಿ.

5. ಮರಳು ಚೀಲ ಎಲ್ಲಿ ಇಡಬೇಕು, ಎಲ್ಲಿ ಇಡಬಾರದು

ನಗರದ ಚರಂಡಿ ಉಕ್ಕಿ ಬರುವ ಅರ್ಧ–ಒಂದು ಅಡಿ ನೀರಿಗೆ ಚೀಲ ಒಳ್ಳೆಯ ಉಪಾಯ. ಹೊಳೆಯೇ ಬಂದರೆ ಅದರಿಂದ ಪ್ರಯೋಜನವಿಲ್ಲ.

ಎರೆಮಣ್ಣು (ಕಪ್ಪು ಜಿಗುಟು ಮಣ್ಣು) ತುಂಬಬೇಡಿ, ಅದು ಕೆಸರಾಗಿ ಜಾರುತ್ತದೆ. ಮರಳು ಅಥವಾ ಗರಸು ಬಳಸಿ. ಚೀಲವನ್ನು ಅರ್ಧಕ್ಕಿಂತ ತುಸು ಹೆಚ್ಚು ತುಂಬಿದರೆ ಸಾಕು. ಬಾಯಿ ಕಟ್ಟದೆ ಮಡಚಿ ಅಡಿಗೆ ಹಾಕಿ. ಗಟ್ಟಿಯಾಗಿ ತುಂಬಿ ಬಾಯಿ ಕಟ್ಟಿದ ಚೀಲಗಳ ಸಂದಿನಲ್ಲಿ ನೀರು ಸಲೀಸಾಗಿ ನುಗ್ಗುತ್ತದೆ. ನೀರಿನ ಬದಿಗೆ ತಾಡಪತ್ರಿ ಹಾಸಿ, ಇಟ್ಟಿಗೆ ಕಟ್ಟಿದಂತೆ ಸಂದು ತಪ್ಪಿಸಿ, ಪ್ರತಿ ಸಾಲನ್ನೂ ತುಳಿಯುತ್ತ ಪೇರಿಸಿ. ತಳದಲ್ಲಿ ಮೂರು ಸಾಲು, ನಡುವೆ ಎರಡು, ಮೇಲೆ ಒಂದು. ಮೂರೂವರೆ ಅಡಿ ಬಾಗಿಲಿಗೆ ಒಂದಡಿ ಎತ್ತರಕ್ಕೆ 18ರಿಂದ 20 ಚೀಲ ಬೇಕು.

ಎರಡು ಅಡಿಗಿಂತ ಹೆಚ್ಚು ನೀರನ್ನು ಹೊರಗೇ ತಡೆಯಲು ಹೋಗಬೇಡಿ. ಒಂದು ಮೀಟರ್ ಎತ್ತರ ನಿಂತ ನೀರು ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 500 ಕೆಜಿ ಬಲದಿಂದ ನೂಕುತ್ತದೆ. ಒಳಗೂ ನೀರು ಬಂದರೆ ಎರಡು ಬದಿಯ ಒತ್ತಡ ಸರಿಹೋಗಿ ಗೋಡೆ ಉಳಿಯುತ್ತದೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆಗೆ ಒಂದಡಿಯೇ ಹೆಚ್ಚು. ಅಂಥ ಮನೆಯ ಬಾಗಿಲಿಗೆ ಚೀಲ ಪೇರಿಸುವ ಬದಲು ಬಾಗಿಲು ತೆರೆದಿಟ್ಟು ಹೊರಡುವುದೇ ಮೇಲು.

6. ಮಾಳಿಗೆ ಮನೆಗೆ ಲೆಕ್ಕವೇ ಬೇರೆ

'ಸಾಮಾನು ಮೇಲೆ ಹಾಕಿ' ಎಂಬ ಸಲಹೆ ಆರ್‌ಸಿಸಿ ಮನೆಗೆ ಸರಿ. ಜಂತಿ, ತೊಲೆಗಳ ಮೇಲೆ ಮಣ್ಣು ಹಾಕಿದ ಮಾಳಿಗೆಗೆ ಅದು ಅಪಾಯ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಯ ಮೇಲೆ ಒಂದಡಿ ದಪ್ಪ ಮಣ್ಣಿದ್ದರೆ, ನೆನೆದಾಗ ಅದರ ತೂಕ ಐದು ಟನ್ ದಾಟುತ್ತದೆ. ಅದರ ಮೇಲೆ ಹತ್ತು ಭತ್ತದ ಚೀಲ, ನಾಲ್ಕು ಜನ ಅಂದರೆ ಏನಾದೀತು?

ಸತತ ಮಳೆಯಿದ್ದಾಗ ದಿನಕ್ಕೆರಡು ಸಲ ಟಾರ್ಚ್ ಹಿಡಿದು ಇವನ್ನು ನೋಡಿ:

ತೊಲೆ ಗೋಡೆಯ ಮೇಲೆ ಕೂತ ಜಾಗದಿಂದ ಮಣ್ಣು ಉದುರುತ್ತಿದೆಯೇ? ನಿನ್ನೆಯವರೆಗೆ ಸಲೀಸಾಗಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಉಜ್ಜುತ್ತಿದೆಯೇ? ಗೋಡೆಯ ಬುಡವನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಗಿಲಾಯಿ (ಗೋಡೆಗೆ ಮೆತ್ತಿದ ಗಾರೆ) ಟೊಳ್ಳು ಸದ್ದು ಮಾಡುತ್ತಿದೆಯೇ? ಗೋಡೆಯ ನಡುಭಾಗ ಹೊಟ್ಟೆಬಿಟ್ಟಂತೆ ಕಾಣುತ್ತಿದೆಯೇ? ಒಂದು ಮೊಳೆಯನ್ನು ಬುಡದ ಮಣ್ಣಿಗೆ ಬರಿಗೈಯಲ್ಲಿ ಒತ್ತಿ ನೋಡಿ. ಬೆಣ್ಣೆಯೊಳಗೆ ಹೋದಂತೆ ಹೋದರೆ ಆ ಗೋಡೆಯ ಪಕ್ಕದಲ್ಲಿ ಆ ರಾತ್ರಿ ಯಾರೂ ಮಲಗಬಾರದು.

ಮಾಳಿಗೆಯ ಮೇಲೆ ನೀರು ನಿಲ್ಲದಂತೆ ಮಳೆನೀರು ಇಳಿಯುವ ದೋಣಿಯ ಕಸ ತೆಗೆಯಬೇಕು. ಆದರೆ ಮಳೆಯಲ್ಲಿ ಮೇಲೆ ಹತ್ತದೆ, ಏಣಿಯ ಮೇಲೇ ನಿಂತು ಕೋಲಿನಿಂದ ತೆಗೆಯಿರಿ. ಸೋರುತ್ತದೆ ಎಂದು ಮಳೆ ನಡುವೆ ಇನ್ನೊಂದು ಬುಟ್ಟಿ ಮಣ್ಣು ಹಾಕುವುದು ರೂಢಿ. ಅದು ಸೋರಿಕೆ ನಿಲ್ಲಿಸುವುದಿಲ್ಲ, ಭಾರ ಮಾತ್ರ ಹೆಚ್ಚಿಸುತ್ತದೆ. ತಾಡಪತ್ರಿ ಹೊದಿಸಿ ಅಂಚಿಗೆ ಚೀಲ ಕಟ್ಟಿ ಇಳಿಬಿಡಿ.

ಮಣ್ಣಿನ ಗೋಡೆ ಮಳೆಯಲ್ಲಷ್ಟೇ ಅಲ್ಲ, ಬಿಸಿಲು ಬಿದ್ದ ಮೇಲೂ ಬೀಳುತ್ತದೆ. ಹೊರಮೈ ಒಣಗಿ ಕುಗ್ಗುತ್ತದೆ, ಒಳಗಿನದು ಇನ್ನೂ ಹಸಿ. ಜೊತೆಗೆ ಬುನಾದಿಯ ಕೆಳಗಿನ ಎರೆ ಉಬ್ಬಿದ್ದದ್ದು ಕುಗ್ಗಿ ಬಿರುಕುಬಿಡುತ್ತದೆ. 'ಮಳೆ ನಿಂತಿತಲ್ಲ' ಎಂದು ಮಕ್ಕಳನ್ನು ಕರೆದುಕೊಂಡು ಒಳಗೆ ಮಲಗುವ ಮೊದಲ ಎರಡು–ಮೂರು ರಾತ್ರಿಗಳೇ ಹೆಚ್ಚು ಕೆಟ್ಟವು.

7. ಹೊರಡುವಾಗ

ಹರಿಯುವ ನೀರು ಅರ್ಧ ಅಡಿ ಇದ್ದರೂ ನಿಂತ ಮನುಷ್ಯನನ್ನು ಕೆಡವಬಲ್ಲದು. ಎರಡಡಿ ಇದ್ದರೆ ಕಾರನ್ನೇ ಒಯ್ಯುತ್ತದೆ. ಕಂಪ್ಲಿ–ಗಂಗಾವತಿ ಸೇತುವೆಯಾಗಲಿ, ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆಯಾಗಲಿ, ನೀರಿನಡಿ ಹೋದ ಮೇಲೆ ಕಟಾಂಜನ (ಪಕ್ಕದ ತಡೆಗಂಬಿ) ಇದೆಯೋ ಕಿತ್ತುಹೋಗಿದೆಯೋ ಮೇಲಿನಿಂದ ಕಾಣುವುದಿಲ್ಲ. ಬೈಕಿನಲ್ಲಿ ದಾಟುವ ಹುಂಬತನ ಬೇಡ, ಸುತ್ತುದಾರಿಯೇ ಇರಲಿ. ಸಿಕ್ಕಿಬಿದ್ದರೆ 112, ಜಿಲ್ಲಾ ಸಹಾಯವಾಣಿ 1077.

ಬೈಕ್ ಮುಳುಗಿದ್ದರೆ ಆಮೇಲೆ ಕಿಕ್ ಹೊಡೆಯಬೇಡಿ. ಎಂಜಿನ್ನಿನ ಸಿಲಿಂಡರಿನೊಳಗೆ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ನೂಕಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.

8. ವಾಪಸ್ ಬಂದಾಗ: ಮೊದಲು ಕಣ್ಣು, ಆಮೇಲೆ ಫೋನು, ಕೊನೆಗೆ ಪೊರಕೆ

ಹಗಲಲ್ಲೇ ಹೋಗಿ. ಮನೆಯ ಸುತ್ತ ಒಂದು ಸುತ್ತು ಹಾಕಿ, ಬಿರುಕು, ವಾಲಿಕೆ, ಜೋತ ತಂತಿ ನೋಡಿ. ಬಾಗಿಲು ಉಬ್ಬಿ ಸಿಕ್ಕಿಕೊಂಡಿದ್ದರೆ ಒದೆಯಬೇಡಿ. ಮೇಲಿನ ಭಾರವೆಲ್ಲ ಅದರ ಚೌಕಟ್ಟಿನ ಮೇಲೇ ನಿಂತಿರಬಹುದು. ಅನಿಲದ ವಾಸನೆ ಬಂದರೆ ಬೆಂಕಿಕಡ್ಡಿ, ಸ್ವಿಚ್ ಎರಡೂ ಬೇಡ, ಕಿಟಕಿ ತೆರೆದು ಹೊರಗೆ ನಿಲ್ಲಿ.

ನೀರು ಬಿಟ್ಟಲ್ಲೆಲ್ಲ ಹಾವು, ಚೇಳು ಒಣ ಜಾಗ ಹುಡುಕುತ್ತವೆ. ಅವಕ್ಕೆ ಇಷ್ಟವಾದದ್ದು ನೀವು ಎತ್ತರಕ್ಕೆ ಇಟ್ಟ ಹಾಸಿಗೆ, ಅಟ್ಟದ ಚೀಲ, ಬೂಟಿನ ಒಳಗು. ಕೋಲಿನಿಂದ ಸರಿಸಿ, ಆಮೇಲೆ ಕೈ ಹಾಕಿ. ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು, ಬೇರು ತೇಯುವುದು ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು ಸೀದಾ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.

ಹಗೇವು (ನೆಲದೊಳಗೆ ಕಾಳು ತುಂಬಿಡುವ ಗುಂಡಿ) ಇರುವ ಮನೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ನೀರು ಹೊಕ್ಕ ಹಗೇವಿನಲ್ಲಿ ಜೋಳ ಕೊಳೆತು ಉಸಿರಾಟದ ಗಾಳಿಯೇ ಉಳಿದಿರುವುದಿಲ್ಲ. ಇಳಿದವನು ಕೂಗುವ ಮೊದಲೇ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಅಲ್ಲೇ ಉಳಿಯುತ್ತಾನೆ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆ ಎಲ್ಲ ವಿಷಗಾಳಿಯನ್ನೂ ಹೇಳುವುದಿಲ್ಲ. ಬಾಯಿ ತೆರೆದಿಟ್ಟು, ಸುತ್ತ ಬೇಲಿ ಹಾಕಿ ದೂರ ಇರಿ. ಕೆಟ್ಟ ಕಾಳನ್ನು ಮೇಲಿನಿಂದಲೇ ಹಗ್ಗ–ಬಕೆಟ್ಟಿನಲ್ಲಿ ತೆಗೆಯಬೇಕು, ಇಲ್ಲವೇ ಅಲ್ಲೇ ಮುಚ್ಚಬೇಕು.

ಈಗ ಫೋಟೊ. ಪೊರಕೆ ಮುಟ್ಟುವ ಮೊದಲು ಪ್ರತಿ ಕೋಣೆಯ ನಾಲ್ಕೂ ಮೂಲೆ, ಗೋಡೆಯ ಮೇಲಿನ ನೀರಿನ ಗೆರೆ (ಪಕ್ಕದಲ್ಲಿ ಅಳತೆ ಟೇಪ್ ಹಿಡಿದು), ಬಿರುಕಿನ ಪಕ್ಕ ನಾಣ್ಯ ಇಟ್ಟು ಹತ್ತಿರದ ಚಿತ್ರ, ಹಾಳಾದ ಯಂತ್ರಗಳ ಸೀರಿಯಲ್ ನಂಬರ್, ಮನೆಯ ಸಂಖ್ಯೆ ಕಾಣುವ ಹೊರನೋಟ ತೆಗೆಯಿರಿ. ಗ್ರಾಮ ಆಡಳಿತಾಧಿಕಾರಿ ಮತ್ತು ಎಂಜಿನಿಯರ್ ಸಮೀಕ್ಷೆಗೆ ಬಂದಾಗ ಮನೆ ಹಾನಿಯನ್ನು ಎ, ಬಿ, ಸಿ ಎಂದು ವರ್ಗ ಮಾಡುತ್ತಾರೆ. ವರ್ಗ ಬದಲಾದರೆ ಪರಿಹಾರದ ಮೊತ್ತವೂ ಬದಲಾಗುತ್ತದೆ. ತೊಳೆದು ಸಾರಿಸಿದ ಮನೆಯಲ್ಲಿ ನೀರಿನ ಗೆರೆಯೇ ಕಾಣದೆ ಅರ್ಜಿ ಬಿದ್ದುಹೋಗುವುದು ಸಾಮಾನ್ಯ. ಅರ್ಜಿ ಕೊಟ್ಟರೆ ಸ್ವೀಕೃತಿ, ಪಂಚನಾಮೆ ಆದರೆ ಅದರ ಪ್ರತಿ ಕೇಳಿ ಪಡೆಯಿರಿ. ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಚಾಲ್ತಿಯಲ್ಲಿದೆಯೇ ಎಂದು ಅದೇ ವಾರ ನೋಡಿಕೊಳ್ಳಿ.

9. ಕೆಸರು ಹಸಿಯಿದ್ದಾಗಲೇ ತೆಗೆಯಿರಿ

ಹೊಳೆ ತಂದ ಎರೆಯ ಕೆಸರು ಎರಡು ಬಿಸಿಲಿಗೆ ಕಲ್ಲಾಗುತ್ತದೆ. ಆಮೇಲೆ ಸಲಿಕೆಯಿಂದ ಎಬ್ಬಿಸಿದರೆ ನೆಲಕ್ಕೆ ಹಾಸಿದ ಪರ್ಸಿ ಕಲ್ಲೂ ಜೊತೆಗೇ ಏಳುತ್ತದೆ. ಹಸಿಯಿದ್ದಾಗಲೇ ಗೋಡೆಯಿಂದ ಶುರುಮಾಡಿ ಬಾಗಿಲಿನ ಕಡೆಗೆ ಎಳೆದು ತನ್ನಿ. ಚರಂಡಿಗೆ ತಳ್ಳಬೇಡಿ. ಚರಂಡಿ ತುಂಬಿದರೆ ಮುಂದಿನ ಮಳೆಗೆ ಅದೇ ಕೆಸರು ಮನೆಯೊಳಗೆ ವಾಪಸ್.

ಕೆಸರು ಹೋದ ಮೇಲೆ ಸಾಬೂನು ನೀರು, ಅದಾದ ಮೇಲೆ ಬ್ಲೀಚಿಂಗ್. ಈ ಕ್ರಮ ತಪ್ಪಿದರೆ ಪೌಡರ್ ದಂಡ, ಯಾಕೆಂದರೆ ಕ್ಲೋರಿನ್ ಕೆಸರಿನಲ್ಲೇ ಖರ್ಚಾಗಿಹೋಗುತ್ತದೆ. 10 ಲೀಟರ್ ನೀರಿಗೆ 150 ಗ್ರಾಂ ಪೌಡರ್ ಕಲಸಿ, ತಿಳಿಯನ್ನು ನೆಲಕ್ಕೂ ಗೋಡೆಯ ಬುಡಕ್ಕೂ ಬಳಿದು ಹತ್ತು–ಹದಿನೈದು ನಿಮಿಷ ಬಿಟ್ಟು ತೊಳೆಯಿರಿ. ಕಿಟಕಿ ತೆರೆದಿರಲಿ. ಇದರ ಜೊತೆ ಶೌಚಾಲಯದ ಆ್ಯಸಿಡ್ ಬೆರೆಸಬೇಡಿ, ಅದರಿಂದ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನೇ ಸುಡುತ್ತದೆ.

ನೆಲದೊಳಗಿನ ಸಂಪಿಗೆ ಪ್ರವಾಹದ ನೀರು ಸೇರಿದ್ದರೆ ಖಾಲಿ ಮಾಡಿ ಉಜ್ಜಿ, ತುಂಬಿಸಿ, 1,000 ಲೀಟರಿಗೆ 170 ಗ್ರಾಂನಂತೆ ಪೌಡರ್ ಹಾಕಿ ಹನ್ನೆರಡು ಗಂಟೆ ಬಿಟ್ಟು ಆ ನೀರನ್ನೆಲ್ಲ ಚೆಲ್ಲಿ. ಅದು ಕುಡಿಯುವ ನೀರಲ್ಲ, ತೊಳೆಯುವ ನೀರು. ಸುತ್ತಲ ಮಣ್ಣು ಇನ್ನೂ ನೀರು ಕುಡಿದಿರುವಾಗ ಸಂಪನ್ನಾಗಲಿ, ನೆಲಮಾಳಿಗೆಯನ್ನಾಗಲಿ ಒಮ್ಮೆಗೇ ಬತ್ತಿಸಬೇಡಿ. ದಿನಕ್ಕೆ ಎರಡು–ಮೂರು ಅಡಿಯಂತೆ ಇಳಿಸಿ, ಇಲ್ಲದಿದ್ದರೆ ಹೊರಗಿನ ಒತ್ತಡಕ್ಕೆ ಗೋಡೆ ಒಳಬೀಳುತ್ತದೆ. ಕುಡಿಯುವ ನೀರನ್ನು ಕುದಿ ಬಂದ ಮೇಲೆ ಒಂದು ನಿಮಿಷ ಚೆನ್ನಾಗಿ ಕುದಿಸಿ. ಕೆಸರಲ್ಲಿ ಓಡಾಡಿದ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 'ಪ್ರವಾಹದ ನೀರಲ್ಲಿ ಓಡಾಡಿದ್ದೆ' ಎಂದು ನೀವಾಗಿಯೇ ಹೇಳಿ.

10. ಕಾಗದ, ಬಟ್ಟೆ, ಕಾಳು ಉಳಿಸುವುದು

ನೆನೆದ ಕಾಗದಕ್ಕೆ 48 ಗಂಟೆಯ ಗಡುವು, ಆಮೇಲೆ ಬೂಷ್ಟು. ಅಂಟಿಕೊಂಡ ಹಾಳೆಗಳನ್ನು ಎಳೆಯಬೇಡಿ. ಕೆಸರಾಗಿದ್ದರೆ ಇಡೀ ಕಟ್ಟನ್ನು ಅಗಲ ತಟ್ಟೆಯ ಶುದ್ಧ ನೀರಿನಲ್ಲಿ ಮೆಲ್ಲಗೆ ಆಡಿಸಿ, ಉಜ್ಜಬೇಡಿ. ಆದರೆ ಶಾಯಿಯಲ್ಲಿ ಬರೆದ ಪತ್ರವನ್ನು ನೀರಿಗೆ ಹಾಕಲೇಬಾರದು, ಅಕ್ಷರವೇ ಹರಿದುಹೋಗುತ್ತದೆ. ಬಿಡಿಯಾದ ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು ಗಂಟೆಗೊಮ್ಮೆ ಬದಲಿಸಿ. ಸುದ್ದಿಪತ್ರಿಕೆಯ ಮಸಿ ಅಂಟುತ್ತದೆ. ನೆರಳು, ಫ್ಯಾನಿನ ಗಾಳಿ ಸಾಕು. ಬಿಸಿಲಿಗೆ ಹಾಕಿದರೆ ಮುದುಡುತ್ತದೆ, ಇಸ್ತ್ರಿ ಮಾಡಿದರೆ ಮುದ್ರೆ ಹೋಗುತ್ತದೆ. ಕಾಗದ ಬಹಳ ಇದ್ದು ಸಮಯ ಇಲ್ಲದಿದ್ದರೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೆಂಟರ ಮನೆಯ ಫ್ರೀಜರಿನಲ್ಲಿಡಿ, ಅಲ್ಲಿ ಬೂಷ್ಟು ಬೆಳೆಯದು. ವಾರ ಬಿಟ್ಟು ಒಂದೊಂದೇ ತೆಗೆದು ಒಣಗಿಸಬಹುದು. ಲ್ಯಾಮಿನೇಷನ್ ಒಳಗೆ ನೀರು ಹೋಗಿದ್ದರೆ ಕೀಳಬೇಡಿ, ಮೊದಲು ಅದರ ಫೋಟೊ ತೆಗೆಯಿರಿ. ಅಂಟಿದ ಹಳೆಯ ಫೋಟೊಗಳನ್ನು ಒಣಗಲು ಬಿಡದೆ ತಣ್ಣೀರಿನಲ್ಲೇ ಇಟ್ಟು ಬಿಡಿಸಬೇಕು. ಒಮ್ಮೆ ಒಣಗಿದರೆ ಎರಡೂ ಮುಖ ಸೇರಿ ಒಂದೇ ಹಲಗೆ.

ಹತ್ತಿಯ ಗಾದಿ, ದಿಂಬು ಬಿಸಾಡಿ. ರೇಷ್ಮೆ ಸೀರೆಗೆ ಬ್ಲೀಚಿಂಗ್ ತಾಗಿಸಬೇಡಿ. ಪ್ರವಾಹದ ನೀರು ಮುಟ್ಟಿದ ಹಿಟ್ಟು, ಅಕ್ಕಿ, ಬೇಳೆ, ತರಕಾರಿ, ಔಷಧಿ ಯಾವುದೂ ಬಳಕೆಗೆ ಬಾರದು. ನೆನೆದ ಭತ್ತವನ್ನು ಒಣಗಿಸಿದರೆ ಆಯಿತು ಎನ್ನುವವರಿದ್ದಾರೆ. ಬಿಸಿಲಲ್ಲಿ ಕಾಳು ಒಣಗಬಹುದು, ಆದರೆ ಒಳಗೆ ಕೂತ ಬೂಷ್ಟಿನ ವಿಷ ಬೇಯಿಸಿದರೂ ಹೋಗುವುದಿಲ್ಲ. ದನಕ್ಕೂ ಹಾಕಬೇಡಿ.

11. ಕರೆಂಟ್ ಕೊಡುವ ಮುನ್ನ

ನೀರಿನ ಗೆರೆಯ ಕೆಳಗಿದ್ದ ಪ್ರತಿ ಸ್ವಿಚ್ ಬೋರ್ಡಿನ ಮುಖ ಬಿಚ್ಚಿ ನೋಡಿ. ಹೊರಗಿನಿಂದ ಒರೆಸಿ ಹೊಳೆಯುವಂತೆ ಮಾಡಿದ ಬೋರ್ಡಿನ ಹಿಂದೆ ಪೆಟ್ಟಿಗೆಯ ಅರ್ಧದಷ್ಟು ನುಣುಪು ಕೆಸರು ಕೂತಿರುತ್ತದೆ. ತಂತಿಯ ತುದಿಗಳಲ್ಲಿ ಹಸಿರು ಕಿಲುಬು ಆಗಲೇ ಶುರುವಾಗಿರುತ್ತದೆ. ಮುಳುಗಿದ ಸಾಕೆಟ್, ಎಂಸಿಬಿ ಬದಲಿಸಲೇಬೇಕು, ಒಣಗಿಸಿ ಹಾಕುವಂತಿಲ್ಲ. ಗೋಡೆಯೊಳಗಿನ ಪೈಪಿನಲ್ಲಿ ನೀರು ವಾರಗಟ್ಟಲೆ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಮೆಗ್ಗರ್ (ತಂತಿಯಿಂದ ಕರೆಂಟ್ ಸೋರುವುದನ್ನು ಪತ್ತೆಹಚ್ಚುವ ಮೀಟರ್) ಹಾಕಿ ನೋಡಿ, 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಸಾಲನ್ನು ಬೇರ್ಪಡಿಸಿ ಇಡಬೇಕು. 'ಟೆಸ್ಟರ್ ಹತ್ತಲಿಲ್ಲ, ಸರಿ ಇದೆ' ಎಂಬುದು ಪರೀಕ್ಷೆಯಲ್ಲ.

ಪಂಪಿನ ಮೋಟಾರ್, ಫ್ರಿಜ್, ವಾಷಿಂಗ್ ಮಷಿನ್ ಮುಳುಗಿದ್ದರೆ ಸ್ವಿಚ್ ಒತ್ತಬೇಡಿ. ಒತ್ತದೆ ಒಯ್ದ ಮೋಟಾರಿನ ಸುರುಳಿಯನ್ನು ತೊಳೆದು ಒಣಗಿಸಿ ಉಳಿಸಬಹುದು. ಒತ್ತಿ ಸುಟ್ಟಿದ್ದನ್ನು ಪೂರ್ತಿ ಮರುಸುತ್ತಬೇಕು.

ಮತ್ತೆ ವೈರಿಂಗ್ ಮಾಡಿಸುವಾಗ ಸಾಕೆಟ್ಟುಗಳನ್ನು ನೆಲದಿಂದ ನಾಲ್ಕಡಿಗೆ ಏರಿಸಿ, ತಂತಿ ಮೇಲಿನಿಂದ ಇಳಿಯಲಿ. ಕರೆಂಟ್ ಸೋರಿದ ಕೂಡಲೇ ತಾನಾಗಿ ಆರುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿ.

12. ಗೋಡೆ ಆರುವ ತನಕ

ಇಟ್ಟಿಗೆ ಗೋಡೆ ಪೂರ್ತಿ ಆರಲು ವಾರಗಳಲ್ಲ, ತಿಂಗಳುಗಳು ಬೇಕು. ಆರಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ಕನ್ನು ಗೋಡೆಗೆ ನಾಲ್ಕೂ ಬದಿ ಟೇಪಿನಿಂದ ಅಂಟಿಸಿ, ಮರುದಿನ ನೋಡಿ. ಒಳಬದಿಯಲ್ಲಿ ಹನಿಗಳಿದ್ದರೆ ಇನ್ನೂ ಹಸಿ. ಬೀರು, ಮಂಚಗಳನ್ನು ಗೋಡೆಯಿಂದ ಗೇಣು ದೂರವೇ ಇಡಿ. ಮರದ ಬಾಗಿಲು, ಮಂಚ ನೆರಳಲ್ಲೇ ಒಣಗಲಿ, ಸುಡುಬಿಸಿಲಿಗೆ ಸೊಟ್ಟಗಾಗುತ್ತವೆ.

ಈ ಭಾಗದ ಮಣ್ಣಿನಲ್ಲಿ ಸವುಳು, ಅಂದರೆ ಉಪ್ಪಿನಂಶ, ಹೆಚ್ಚು. ಆರುತ್ತ ಹೋದಂತೆ ಗೋಡೆಯ ಮೇಲೆ ಬಿಳಿ ಉಪ್ಪು ಅರಳುತ್ತದೆ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ. ಒಣ ಬ್ರಷ್ಷಿನಿಂದ ಕೆರೆದು, ಗುಡಿಸಿ ಹೊರಗೆ ಹಾಕಿ. ಮೂರು ನಾಲ್ಕು ಸಲ ಹೀಗೆ ಮಾಡಬೇಕಾಗುತ್ತದೆ. ದೀಪಾವಳಿಗೆ ಮನೆ ಚಂದ ಕಾಣಬೇಕೆಂದು ಪುಟ್ಟಿ, ಪ್ಲಾಸ್ಟಿಕ್ ಪೇಂಟ್ ಬಳಿಸಿದರೆ ಯುಗಾದಿಯೊಳಗೆ ಹಪ್ಪಳದಂತೆ ಏಳುತ್ತದೆ. ಹಬ್ಬಕ್ಕೆ ಸುಣ್ಣ ಸಾಕು, ಅದರಲ್ಲಿ ಗೋಡೆ ಉಸಿರಾಡುತ್ತದೆ. ಪೇಂಟಿನ ಮಾತು ಮುಂದಿನ ಬೇಸಿಗೆ ಕಳೆದ ಮೇಲೆ.